ಮೂವರು ಕೂತ ಬೆಂಚು

"ಲ್ಯಾಬಿನವಳ ಹೆಸರು ಪ್ರಬಂಧದಲ್ಲಿ ಯಾಕಮ್ಮ? ಅಡುಗೆಯವಳ ಹೆಸರನ್ನ ಯಾರಾದ್ರೂ ಲಗ್ನಪತ್ರಿಕೇಲಿ ಹಾಕಿಸ್ತಾರಾ?" ಎಂದು ಕಾನೂನು ಪ್ರೊಫೆಸರು ನಕ್ಕರು. ಪಕ್ಕದಲ್ಲಿ ಕೂತ ಎಂಜಿನಿಯರಿಂಗಿನವರೂ ಲೋಹಶಾಸ್ತ್ರದವರೂ ಹಲ್ಲು ಕಿರಿದರು. ಕುಸಿದ ಕಾಲುಸೇತುವೆಯ ಬಗ್ಗೆ ಮೂವರೂ ಸೇರಿ ನಲವತ್ತು ಪುಟ ಬರೆದಿದ್ದರು. ಎರಡು ವರ್ಷ ಅದರ ಬಿರುಕುಗಳನ್ನು ಅಳೆದವಳು ಅಡಿಟಿಪ್ಪಣಿಯಲ್ಲೂ ಇರಲಿಲ್ಲ.

ಅವಳು ಜೇಬಿನಿಂದ ಮುರಿದ ಎರಡು ಬೋಲ್ಟು ತೆಗೆದು ಮೇಜಿನ ಮೇಲಿಟ್ಟಳು. "ಆಯ್ತು ಸಾರ್. ಇದರಲ್ಲಿ ಸೇತುವೇದು ಯಾವುದು ಹೇಳ್ಬಿಡಿ, ನನ್ನ ಹೆಸರೇ ಬೇಡ."

ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದರು. ಕಡೆಗೆ ಎಂಜಿನಿಯರಿಂಗಿನವರು ಒಂದನ್ನು ಎತ್ತಿ ಹಿಡಿದು, "ಇದೇ! ಹನ್ನೊಂದನೇ ಪುಟದಲ್ಲಿ ನಾವು ಬರೆದಿರೋ ಬಿರುಕು" ಎಂದರು. ಉಳಿದಿಬ್ಬರೂ ತಲೆದೂಗಿದರು.

"ಅದು ನೀವು ಕೂತಿರೋ ಬೆಂಚಿಂದು ಸಾರ್. ಬೆಳಿಗ್ಗೆ ಮುರೀತು."

ಮೂವರೂ ದಡಕ್ಕನೆ ಎದ್ದು ನಿಂತರು. ಬೋಲ್ಟು ಮುರಿದದ್ದರ ಮೇಲೆ ಕೂರಬಾರದು: ಅವರು ಸ್ವಂತವಾಗಿ ಕಂಡುಕೊಂಡ ಸತ್ಯ ಅದೊಂದೇ.