ಪೂಜೆಗಿಟ್ಟ ಟ್ರಾಕ್ಟರು

ಶಿವಶಂಕರ ಮತ್ತೆ ಕೀ ತಿರುಗಿಸಿದ. ಟಿಕ್ ಟಿಕ್ ಎಂದಿತು, ಅಷ್ಟೇ. ಆಯುಧಪೂಜೆಯೆಂದು ಬೆಳಗಿನಿಂದ ಕಾರಿನಲ್ಲೇ ಭಕ್ತಿಗೀತೆ ಹಾಕಿ ಊರಿಗೆಲ್ಲ ಕೇಳಿಸಿದ ಮಹಾನುಭಾವ ಅವನೇ. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು.

ಹಿಂದಿನ ಸೀಟಿನಲ್ಲಿ ಅವನ ತಾಯಿ ಬೆಟ್ಟಮ್ಮ ಎದೆ ಹಿಡಿದುಕೊಂಡು ಗೋಳಾಡುತ್ತಿದ್ದಳು. "ಅಯ್ಯೋ, ಈ ಸಂಕ್ಟ ತಡಿಯಕ್ಕಾಗಲ್ಲ ಕಣ್ಲಾ! ಬೇಗ ಆಸ್ಪತ್ರೆ ಸೇರ್ಸ್‌ಬುಡ್ಲಾ!"

ಬಿಂಡಿಗನವಿಲೆಯಿಂದ ನಾಗಮಂಗಲಕ್ಕೆ ಹೋಗಬೇಕು. ಬಾಡಿಗೆ ಗಾಡಿಯವರೆಲ್ಲ ಪೂಜೆ ಮುಗಿಸಿ ಗಾಡಿ ನಿಲ್ಲಿಸಿಬಿಟ್ಟಿದ್ದರು. ತಡವಾದರೆ ಜೀವಕ್ಕೇ ಅಪಾಯ. ಉಳಿದದ್ದು ಪಕ್ಕದ ಮನೆ ಲಿಂಗಣ್ಣನ ಟ್ರಾಕ್ಟರು ಒಂದೇ.

"ಪೂಜೆಗಿಟ್ಟಿರೋದ್ನ ನಾಳೆಗಂಟ ಮುಟ್ಟಂಗಿಲ್ವಲ್ಲವ್ವ," ಲಿಂಗಣ್ಣ ಹಿಂಜರಿದ.

"ಜೀವ ಹೋದ್ಮೇಲೆ ಯಾವ ಪೂಜೆ ಮಾವ?" ಶಿವಶಂಕರನ ಹೆಂಡತಿ ಶ್ವೇತ ಕಿರುಚಿದಳು.

ಲಿಂಗಣ್ಣ ಕೆನ್ನೆ ಬಡಿದುಕೊಂಡ. ಟ್ರಾಕ್ಟರನ್ನು ಕಾರಿಗೆ ತಾಗದಂತೆ ತಂದು ನಿಲ್ಲಿಸಿ ಇಂಜಿನ್ ಆಫ್ ಮಾಡಿದ. ಅದರ ಬ್ಯಾಟರಿಯಿಂದ ಕಾರಿಗೆ ಕರೆಂಟು ಕೊಡಲು ದಪ್ಪ ವೈರುಗಳನ್ನೂ ತಂದುಕೊಟ್ಟ.

ಶಿವಶಂಕರ ಗಡಿಬಿಡಿಯಲ್ಲಿ ಇಳಿದು ಬಾನೆಟ್ಟು ಎತ್ತಿದ. ಕಪ್ಪು ವೈರನ್ನು ಪ್ಲಸ್ಸಿಗೇ ಹಿಡಿದ. ಶ್ವೇತ ಕಿತ್ತುಕೊಂಡಳು.

"ಬುಡ್ರೀ! ಬ್ಯಾಟರಿ ಸಿಡಿದ್ರೆ ಎಲ್ಲಾರೂ ಒಟ್ಗೆ ಹೋಗ್ತೀವಿ. ಸುಮ್ನೆ ಸೀಟಲ್ಲಿ ಕೂತ್ಕಳಿ."

ಕೆಂಪು ವೈರು ಮೊದಲು ಕಾರಿನ ಪ್ಲಸ್ಸಿಗೆ, ಆಮೇಲೆ ಟ್ರಾಕ್ಟರಿನ ಪ್ಲಸ್ಸಿಗೆ. ಕಪ್ಪು ವೈರು ಟ್ರಾಕ್ಟರಿನ ಮೈನಸ್ಸಿಗೆ. ಅಲ್ಲಿಗೆ ಅವಳು ನಿಂತುಬಿಟ್ಟಳು. ಕಾರಿಗೆ ಆತುಕೊಂಡು, ಕಣ್ಣು ಮುಚ್ಚಿ, ಸೆರಗು ಕಚ್ಚಿದಳು.

"ನಿಧಾನ ಕಣವ್ವ," ಎಂದ ಲಿಂಗಣ್ಣ.

ಕಾರಿನೊಳಗೆ ಬೆಟ್ಟಮ್ಮನ ಕೂಗು ಇನ್ನೂ ಜೋರಾಯಿತು.

"ಉಸ್ರು ತಗಳಿ ಅತ್ತೆ, ಏನೂ ಆಗಲ್ಲ," ಎನ್ನುತ್ತ ಶ್ವೇತ ಕಪ್ಪು ವೈರಿನ ಇನ್ನೊಂದು ತುದಿಯನ್ನು ಬ್ಯಾಟರಿಯಿಂದ ದೂರ, ಕಾರಿನ ಇಂಜಿನ್ನಿನ ಬರೀ ಕಬ್ಬಿಣಕ್ಕೆ ಕಚ್ಚಿಸಿದಳು. "ಬ್ಯಾಟರಿ ಹತ್ರ ಕಿಡಿ ಏಳ್ಬಾರ್ದು. ಈಗ ಟ್ರಾಕ್ಟರು ಸ್ಟಾರ್ಟ್ ಮಾಡಿ ಮಾವ."

ಟ್ರಾಕ್ಟರು ಗುಡುಗಿತು. ಸ್ವಲ್ಪ ಹೊತ್ತು ಕಾಯಬೇಕು. ಆ ಸ್ವಲ್ಪ ಹೊತ್ತು ಶತ್ರುವಿಗೂ ಬೇಡ.

"ಈಗ ತಿರುಗ್ಸಿ!"

ಕಾರು ಕೆಮ್ಮಿತು, ತಿಣುಕಿತು, ಸ್ಟಾರ್ಟಾಯಿತು. ಕೊನೆಗೆ ಹಾಕಿದ್ದನ್ನು ಮೊದಲು ತೆಗೆಯುತ್ತ ವೈರುಗಳನ್ನೆಲ್ಲ ಬಿಚ್ಚಿದ ಶ್ವೇತ, ಅತ್ತೆಯ ಪಕ್ಕ ಕುಸಿದು ಕೂತಳು. ಶಿವಶಂಕರ ದಾರಿಯುದ್ದಕ್ಕೂ ಹಾರನ್ನಿನಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ನರ್ಸು ಸ್ಟ್ರೆಚರ್ ತಳ್ಳಿಕೊಂಡು ಓಡಿಬಂದಳು. ಗೋಳಾಡುತ್ತಿದ್ದ ಬೆಟ್ಟಮ್ಮನ ತೋಳು ಹಿಡಿದು ಇಳಿಸತೊಡಗಿದಳು.

"ಅತ್ತೆಗೇನೂ ಆಗಿಲ್ಲ ಸಿಸ್ಟರ್, ಗಾಬರಿ ಅಷ್ಟೇ," ಶ್ವೇತ ಹಲ್ಲು ಕಚ್ಚಿಕೊಂಡು ಹೇಳಿದಳು. "ಹೆರಿಗೆ ನಂದು."