ಡ್ರೈವರು ಗೆದ್ದ ಮಧ್ಯಾಹ್ನ

ಪರದೆಯ ಮೇಲೆ ಮೊದಲು ಗೆರೆ ದಾಟಿದ್ದು ತನ್ನ ಕಾರೇ ಎಂದು ನಂಬಲು ಬಸ್ ಡ್ರೈವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಂಬಿಕೆ ಬಂದದ್ದೇ ತಡ, ಸೋಫಾದಿಂದ ಛಂಗನೆ ಎದ್ದು ಎರಡೂ ಕೈ ಮೇಲೆತ್ತಿದ. "ನೋಡಿದ್ಯಾ? ನಾನು ಅವತ್ತಿಂದ ಬಡ್ಕೋತಿದ್ದೆ, ಮೆಷಿನ್ನೇ ಸರಿ ಇಲ್ಲ ಅಂತ!"

ಅವತ್ತಿನಿಂದ ಎಂದರೆ ಮದುವೆಯಾದ ಹೊಸತರಿಂದ. ದಿನವಿಡೀ ಇಕ್ಕಟ್ಟು ರಸ್ತೆಗಳಲ್ಲಿ ಬಸ್ಸು ನುಗ್ಗಿಸುವ ಈ ಮನುಷ್ಯ, ರಜೆ ದಿನದ ಕಾರ್ ರೇಸಿನಲ್ಲಿ ಸೈಕಲ್ಲು ಕೂಡ ಹೊಡೆಯಲು ಬಾರದ ಹೆಂಡತಿಯ ಕೈಲಿ ತಪ್ಪದೆ ಸೋಲುತ್ತಿದ್ದ. ಸೋತಾಗಲೆಲ್ಲ ತಪ್ಪು ಯಂತ್ರದ್ದು. ಮನೆಗೆ ಬಂದ ಮೊದಲ ವಿಡಿಯೋ ಗೇಮಿಗೆ ಕ್ಯಾಸೆಟ್ಟನ್ನು ಊದಿ ಊದಿ ಹಾಕಬೇಕಿತ್ತು. ದೂಳೆಲ್ಲ ನನ್ನ ಕಾರಿನ ಮೇಲೇ ಕೂತಿದೆ ಎಂದ. ವೇಗ ಹೆಚ್ಚುತ್ತದೆಂದು ಅದರ ಅಡಿಗೆ ಸಿಕ್ಕಿಸುವ ಇನ್ನೊಂದು ಪೆಟ್ಟಿಗೆ ತಂದ. ಅದು ಅಡಾಪ್ಟರ್ ಸುಟ್ಟುಕೊಂಡು ಮನೆಯನ್ನೆಲ್ಲ ಕತ್ತಲೆ ಮಾಡಿತು. ಆಮೇಲೆ ಡಿಸ್ಕಿನದು ಬಂತು, ಇಡೀ ಪೆಟ್ಟಿಗೆಯನ್ನೇ ಬೋರಲು ಹಾಕಿದರೆ ಮಾತ್ರ ಓಡುತ್ತಿತ್ತು. ಅದಕ್ಕೊಂದು ಸ್ಟೀರಿಂಗು, ಪೆಡಲ್ಲು ತಂದು ಊಟದ ಮೇಜಿಗೆ ಬಿಗಿದುಕೊಂಡು ಆಡಿದ. ಅಲ್ಲೂ ಸೋತು, ಮೇಜು ಅಲ್ಲಾಡುತ್ತೆ ಎಂದ. ಹೆಂಡತಿ ಟೈಲರು, ಅಳತೆ ಬಿಟ್ಟು ಮಾತಾಡುವವಳಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಷ್ಟೇ ಹೇಳಿ ಹೊಲಿಗೆಗೆ ಎದ್ದುಹೋಗುತ್ತಿದ್ದಳು.

ಈ ದಿನ ಬೆಳಿಗ್ಗೆ ಮಗಳು ಹೊಚ್ಚಹೊಸದನ್ನು ತಂದು ಜೋಡಿಸಿದ್ದಳು. ಊದುವಂತಿಲ್ಲ, ಬೋರಲು ಹಾಕುವಂತಿಲ್ಲ, ಸದ್ದೂ ಇಲ್ಲ. "ಇನ್ನು ನಿನ್ನ ನೆಪಕ್ಕೆ ಜಾಗ ಇಲ್ಲಪ್ಪ" ಎಂದಿದ್ದಳು. ಮೊದಲ ರೇಸಿನಲ್ಲೇ ಅಪ್ಪ ಗೆದ್ದುಬಿಟ್ಟ.

ಆದರೆ ಎತ್ತಿದ ಕೈ ಹಾಗೆಯೇ ನಿಂತಿತು. ಹೆಂಡತಿ ನಗಲಿಲ್ಲ, ಗಾದೆ ಹೇಳಲಿಲ್ಲ. ಕಂಟ್ರೋಲರನ್ನು ಪಕ್ಕಕ್ಕಿಟ್ಟು ಒಂದು ಕೈಯ ಹೆಬ್ಬೆರಳನ್ನು ಇನ್ನೊಂದರ ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದಳು. ಅವನು ಪಕ್ಕದಲ್ಲಿ ಕೂತು ಮುಷ್ಟಿ ಬಿಡಿಸಿ ನೋಡಿದ. ಬೆರಳಿನ ಬುಡ ಊದಿತ್ತು.

"ಯಾವಾಗಿಂದ ಇದು?"

"ಚಳಿ ಶುರುವಾದಾಗಿಂದ. ಕತ್ತರಿ ಹಿಡಿದು ಹಿಡಿದು ಕೀಲು ಸವೆದಿದೆ ಅಂದ್ರು ಡಾಕ್ಟ್ರು."

"ಮತ್ತೆ ಆಡೋ ಮೊದ್ಲು ಹೇಳ್ಬಾರ್ದಿತ್ತಾ?"

"ಸೋತೆ ಅಂದ್ರೆ ಸೋತೆ. ನಿಮ್ಮ ಹಾಗೆ ನೆಪ ಹೇಳೋಕೆ ನಂಗೆ ಬರಲ್ಲ ರೀ." ಕೈ ಬಿಡಿಸಿಕೊಂಡು ಎದ್ದಳು. "ಇನ್ಮೇಲೆ ನೀವು ಅಪ್ಪ ಮಗಳು ಆಡ್ಕೊಳ್ಳಿ. ನಾನು ನೋಡ್ತಾ ಕೂತಿರ್ತೀನಿ."

ಇಷ್ಟು ವರ್ಷ ಕಾದು ಪಡೆದ ಗೆಲುವು ಬಾಯಲ್ಲಿ ಸಪ್ಪಗಾಯಿತು. ಏಣಿ ಎಳೆದುಕೊಂಡು ಅಟ್ಟ ಹತ್ತಿದ. ಇಳಿದು ಬಂದಾಗ ಕಂಕುಳಲ್ಲಿ ಡಿಸ್ಕಿನ ಹಳೇ ಪೆಟ್ಟಿಗೆ, ಕೊರಳಲ್ಲಿ ಹಾರದ ಹಾಗೆ ಸ್ಟೀರಿಂಗು, ತಲೆ ತುಂಬ ಜೇಡರ ಬಲೆ.

"ಅಪ್ಪಾ, ಆ ಸ್ಟೀರಿಂಗು ಹೊಸದಕ್ಕೆ ಹೊಂದಲ್ಲ. ಪಿನ್ನೇ ಬೇರೆ" ಎಂದಳು ಮಗಳು.

"ಹಾಗಾದ್ರೆ ಹೊಸದನ್ನ ಬಿಚ್ಚು."

"ಬೆಳಿಗ್ಗೆ ತಾನೇ ಹಾಕಿದ್ದು!"

"ಅದೇನು ಓಡಿಹೋಗಲ್ಲ. ಬಿಚ್ಚಮ್ಮ."

ಹಳೆಯದು ಮೊದಲು ಮುಷ್ಕರ ಹೂಡಿತು. ಬೋರಲು ಹಾಕಿ, ಬೆನ್ನು ತಟ್ಟಿ, ಒಂದಷ್ಟು ಹೊತ್ತು ಸುಮ್ಮನೆ ಬಿಟ್ಟ ಮೇಲೆ ಕೆಮ್ಮುತ್ತ ಏಳುವ ಮುದುಕನಂತೆ ಶುರುವಾಯಿತು. ಡ್ರೈವರು ಸ್ಟೀರಿಂಗನ್ನು ಮೇಜಿಗೆ ಬಿಗಿದು, ಅದರ ಪೆಡಲ್ಲನ್ನು ಕೆಳಗಿಟ್ಟು, ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿದ.

"ಬೆರಳಲ್ಲಿ ಓಡಿಸೋದು ಗೊತ್ತು. ಇದೆಲ್ಲ ನಂಗೆಲ್ಲಿ ಬರುತ್ತೆ?"

"ಕಾಲಿಗೆ ಬರುತ್ತೆ. ಹೊಲಿಗೆ ಮೆಷಿನ್ನಿನ ಪೆಡಲ್ಲು ಅಂದ್ಕೋ. ಕೈಗೆ ನಾನು ಹೇಳ್ಕೊಡ್ತೀನಿ."

ಮೊದಲ ರೇಸಿನಲ್ಲಿ ಅವಳು ಗುದ್ದದ ಗೋಡೆಯಿಲ್ಲ. ಎರಡನೆಯದರಲ್ಲಿ ಸೇತುವೆಯಿಂದ ನೇರ ನದಿಗಿಳಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂರನೆಯದು ಶುರುವಾಗುವ ಹೊತ್ತಿಗೆ ಡ್ರೈವರು ತನ್ನ ಕಂಟ್ರೋಲರನ್ನು ಕೆಳಗಿಟ್ಟು ಅವಳ ಕುರ್ಚಿಯ ಹಿಂದೆ ಬಂದು ನಿಂತಿದ್ದ. "ಹೆಗಲು ಸಡಿಲ ಬಿಡು. ಬೆರಳು ಬೇಡ, ಅಂಗೈ ಸಾಕು. ಬಾನೆಟ್ ನೋಡ್ಬೇಡ ಕಣೇ, ದೂರ ನೋಡು." ಅವಳ ಪಾದ ಅಂಚು ಹೊಲಿಯುವಾಗಿನಂತೆ ಹಗುರವಾಗಿ ಒತ್ತಿತು. ಕಾರು ಒಂದು ತಿರುವನ್ನು ಎಲ್ಲೂ ಸೋಕದೆ ದಾಟಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

"ಅಪ್ಪಾ, ನಿನ್ನ ಕಾರು?" ಎಂದಳು ಮಗಳು.

ಇಬ್ಬರಿಗೆಂದು ಎರಡು ಪಾಲಾದ ಪರದೆಯ ಕೆಳಗಿನ ಅರ್ಧದಲ್ಲಿ ಅವನ ಕಾರು ಹೊರಡುವ ಗೆರೆಯ ಮೇಲೇ ನಿಂತಿತ್ತು. ಸುತ್ತ ಯಾರೂ ಇರಲಿಲ್ಲ. ಎಂಜಿನ್ನು ಸುಮ್ಮನೆ ಗುರುಗುಡುತ್ತಿತ್ತು.

"ಇರ್ಲಿ ಬಿಡು," ಎಂದ ಡ್ರೈವರು, ಹೆಂಡತಿಯ ಕಾರಿದ್ದ ಮೇಲಿನ ಅರ್ಧದಿಂದ ಕಣ್ಣು ಕೀಳದೆ. "ಇಲ್ಲಿ ಮುಂದೆ ಇನ್ನೊಂದು ತಿರುವಿದೆ."