ಬೆಚ್ಚಗಾದ ಮೇಲೆ

"ಎರಡು ಬೀಗದಕೈನೂ ನೀನೇ ಎತ್ಕೊಂಡು ಬಂದಿದ್ದೀಯಲ್ಲೇ, ನಾನೇನು ಕಿಟಕಿ ಹತ್ತಿ ಮನೆಯೊಳಗೆ ಹೋಗ್ಲಾ?" ಎನ್ನುತ್ತಲೇ ತಾಯಿ ಪ್ರಯೋಗಾಲಯದ ಮಬ್ಬು ಕೋಣೆಗೆ ಕಾಲಿಟ್ಟರು. ಕಂಕುಳಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ, ಮುಂದಿನ ಗಾಜು ಎಂದೋ ಒಡೆದುಹೋಗಿದ್ದ ಗೋಡೆ ಗಡಿಯಾರ.

ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ ಮಗಳು ಓರೆಗಣ್ಣಲ್ಲೇ ಅದನ್ನು ನೋಡಿದಳು. "ಮತ್ತೆ ನಿಂತೋಯ್ತಾ? ಇದು ಮನೇಲಿರೋದಕ್ಕಿಂತ ರಿಪೇರಿ ಅಂಗಡೀಲಿರೋದೇ ಜಾಸ್ತಿ. ಎಸೆದು ಹೊಸದು ತಗೋ ಅಂದ್ರೆ ಕೇಳಲ್ಲ."

"ಒಳ್ಳೇ ಗಡಿಯಾರ ಕಣೇ, ಸ್ವಲ್ಪ ಹಟಮಾರಿ ಅಷ್ಟೆ. ಇವತ್ತು ಅಂಗಡಿಗೆ ಹೋಗೋಕೆ ಮುಂಚೆ ನಿನಗೊಂದು ಮಾತು…"

"ಆಮೇಲೆ ಅಮ್ಮ. ಇವತ್ತು ಏನಿದ್ರೂ ಆಮೇಲೆ."

ಅವಳ ಸಿಡಿಮಿಡಿಗೆ ಕಾರಣವಿತ್ತು. ಸೂಕ್ಷ್ಮದರ್ಶಕಕ್ಕೆ ಹೊದಿಸಿದ ಗಾಜಿನ ಪೆಟ್ಟಿಗೆಯೊಳಗೆ, ಅಂಗೈಗಿಂತ ಚಿಕ್ಕ ತಟ್ಟೆಯಲ್ಲಿ ಅವಳ ಜೀವಕೋಶಗಳಿದ್ದವು. ಕೋಶದ ನಡುವೆ ತಯಾರಾದ, ಇವಳು ಹಸಿರು ಹೊಳಪಿನ ಗುರುತು ಹಚ್ಚಿದ ಪ್ರೋಟೀನ್ ಸರಕು ಪುಟ್ಟ ಪುಟ್ಟ ಗುಳ್ಳೆಗಳಲ್ಲಿ ಕೂತು ಅಂಚಿನ ಪೊರೆಯತ್ತ ಸಾಗುತ್ತದೆ. ಗುಳ್ಳೆ ಪೊರೆಯೊಂದಿಗೆ ಬೆಸೆದುಕೊಂಡಾಗ ಸರಕು ಹೊರಬೀಳುತ್ತದೆ. ತಂಪಿನಲ್ಲಿಟ್ಟರೆ ಎಲ್ಲ ನಡುವೆಯೇ ರಾಶಿ ಬೀಳುತ್ತದೆ, ಬೆಚ್ಚಗೆ ಮಾಡಿದರೆ ಹೊರಡುತ್ತದೆ, ಒಮ್ಮೆ ಹೊರಟರೆ ಮತ್ತೆ ತಡೆಯಲಾಗದು. ಆ ಹೊರಡುವ ಗಳಿಗೆಯ ವೀಡಿಯೊ ಕೊಡದೆ ಲೇಖನ ಅಚ್ಚು ಹಾಕುವುದಿಲ್ಲ ಎಂದು ವಿಜ್ಞಾನ ಪತ್ರಿಕೆಯವರು ಪಟ್ಟು ಹಿಡಿದಿದ್ದರು. ಸಿದ್ಧವಾಗಿದ್ದದ್ದು ಅದೊಂದೇ ತಟ್ಟೆ. ಮಧ್ಯಾಹ್ನದ ಮೇಲೆ ಯಂತ್ರ ಬೇರೆ ತಂಡದ ಪಾಲು. ಮತ್ತೆ ಇವಳ ಸರದಿ ಮುಂದಿನ ತಿಂಗಳು. ಇಂಥ ದಿನವನ್ನೇ ನೋಡಿಕೊಂಡು ಕ್ಯಾಮೆರಾ ಮುಷ್ಕರ ಹೂಡಿತ್ತು. ಎಲ್ಲರೂ 'ಯಂತ್ರಣ್ಣ' ಎಂದು ಕರೆಯುವ ತಂತ್ರಜ್ಞ ಮೇಜಿನಡಿ ತೂರಿಕೊಂಡು ತಂತಿಗಳ ಜೊತೆ ಜಗಳವಾಡುತ್ತಿದ್ದ.

"ಕೀ ಮೇಲಿನ ಮಹಡೀಲಿ ಬ್ಯಾಗಲ್ಲಿದೆ, ತರ್ತೀನಿ ಇರು. ಏನನ್ನೂ ಮುಟ್ಟಬೇಡ" ಎಂದು ಮಗಳು ಓಡಿದಳು.

ಕೋಣೆಯಲ್ಲಿ ಹಲ್ಲು ಕಟಕಟ ಅನ್ನುವ ಚಳಿ. ತಾಯಿ ಶಾಲು ಬಿಗಿಯಾಗಿ ಹೊದ್ದರು, ಅಂಗೈ ಉಜ್ಜಿದರು. ಪೆಟ್ಟಿಗೆಯ ಪಕ್ಕದಲ್ಲಿ ಸೂರ್ಯನ ಚಿತ್ರವಿದ್ದ ಗುಂಡಿ ಕಂಡಿತು. ಮನೆಯ ಹೀಟರಿನ ಮೇಲೂ ಅಂಥದ್ದೇ ಸೂರ್ಯನಿದ್ದ. ಪರಿಚಯದವನನ್ನು ಮುಟ್ಟಿದರೆ ಮುಟ್ಟಿದಂತಲ್ಲ ಎಂದುಕೊಂಡು ಒತ್ತಿಯೇಬಿಟ್ಟರು.

ಮಗಳು ಕೀ ಹಿಡಿದು ಬಂದಾಗ ತಾಯಿ ಪೆಟ್ಟಿಗೆಯ ಸಂದಿಯಿಂದ ಬರುತ್ತಿದ್ದ ಬಿಸಿಗಾಳಿಗೆ ಹಾಯಾಗಿ ಕೈಯೊಡ್ಡಿ ಕೂತಿದ್ದರು.

"ಅಮ್ಮಾ! ಅದು ನಿನಗಲ್ಲ, ಕೋಶಗಳಿಗೆ! ಯಂತ್ರಣ್ಣಾ, ಕ್ಯಾಮೆರಾ?"

"ಇನ್ನೊಂಚೂರು ಮೇಡಂ" ಎಂದಿತು ಮೇಜಿನಡಿಯ ದನಿ.

ಮಗಳು ಕಣ್ಣಿಟ್ಟು ನೋಡುವ ಐಪೀಸಿಗೆ ಬಗ್ಗಿದಳು. ಬೈಯಲು ತೆರೆದ ಬಾಯಿ ತೆರೆದೇ ಇತ್ತು. ನಡುವೆ ಗುಡ್ಡೆಯಾಗಿದ್ದ ಹಸಿರು ಹೊಳಪಿನಿಂದ ಒಂದು ಚುಕ್ಕೆ ಬಿಡಿಸಿಕೊಂಡಿತು, ಅದರ ಹಿಂದೆ ಇನ್ನೊಂದು, ಆಮೇಲೆ ಒಂದು ಹಿಂಡು. ಅಂಚು ಮುಟ್ಟಿದ್ದು ಫಳ್ಳನೆ ಮಿನುಗಿ ಇಲ್ಲವಾಯಿತು. ಇಷ್ಟು ವರ್ಷ ಬಾಣದ ಗುರುತು ಹಾಕಿ ಕಾಗದದ ಮೇಲೆ ಬರೆದದ್ದೇ ಬಂತು. ಹೊರಡುವುದನ್ನು ಅವಳೂ ಕಂಡಿರಲಿಲ್ಲ. ಬೆಳಕು ತಿರುಗಿಸುವ ಹಿಡಿ ಐಪೀಸಿನ ಕಡೆಗಿತ್ತು. ಕಣ್ಣಿಗಾದರೆ ಕಣ್ಣಿಗೆ, ಕ್ಯಾಮೆರಾಕ್ಕಾದರೆ ಕ್ಯಾಮೆರಾಕ್ಕೆ; ಎರಡಕ್ಕೂ ಒಟ್ಟಿಗೆ ಕೊಡದ ಜಿಪುಣ ಯಂತ್ರವದು.

"ಹಾಳು ಮಾಡಿದ್ದಂತೂ ಆಯ್ತು. ಬಾ, ನೀನಾದ್ರೂ ನೋಡು" ಎಂದು ತಾಯಿಯನ್ನು ಎಳೆದು ಕೂರಿಸಿದಳು.

"ಅಯ್ಯೋ, ಓಡ್ತಿವೆ ಕಣೇ! ಇಷ್ಟೊತ್ತು ಯಾಕೆ ಸುಮ್ನಿದ್ದವು?"

"ಚಳೀಲಿ ಹೊರಡೋಕಾಗಲ್ಲ ಅವಕ್ಕೆ. ಬೆಚ್ಚಗಾಗ್ಬೇಕು."

ತಾಯಿ ಕಣ್ಣು ತೆಗೆಯಲಿಲ್ಲ. ಆ ತಟ್ಟೆಗೇ ಹೇಳುವಂತೆ, "ಗಡಿಯಾರ ಕೆಟ್ಟಿರ್ಲಿಲ್ಲ" ಎಂದರು.

"ಏನು?"

"ಮೊದಲನೇ ಸಲ ನಿಜವಾಗ್ಲೂ ಕೆಟ್ಟಿತ್ತು. ಆಮೇಲಿಂದ ಮುಳ್ಳು ನಾನೇ ಬಗ್ಗಿಸ್ತಿದ್ದೆ. ಅವರಿಗೂ ಗೊತ್ತು."

"ಯಾರಿಗೆ?"

"ಗಡಿಯಾರದಂಗಡಿಯವರಿಗೆ. ಮದುವೆ ಆಗೋಣ್ವಾ ಅಂತ ಕೇಳಿದಾರೆ. ನಿಮ್ಮಪ್ಪ ಹೋದ ಮೇಲೆ ಟವೆಲ್ ಎಲ್ಲಿ, ಕೀ ಎಲ್ಲಿ ಅನ್ನೋದು ಬಿಟ್ಟು ನನ್ನನ್ನ ಯಾರೂ ಏನೂ ಕೇಳಿರ್ಲಿಲ್ಲ ಕಣೇ. ಇವತ್ತು ಉತ್ತರ ಹೇಳ್ತೀನಿ ಅಂದಿದೀನಿ. ನೀನು ಬೇಡ ಅಂದ್ರೆ ಬೇಡ."

ಐಪೀಸಿಗೆ ಒತ್ತಿಕೊಂಡಿದ್ದ ಮುಖ ಅಲ್ಲಾಡಲಿಲ್ಲ. ಶಾಲಿನೊಳಗೆ ಭುಜ ಮಾತ್ರ ಏಟು ಬೀಳುತ್ತದೇನೋ ಎಂಬಂತೆ ಸೆಟೆದಿತ್ತು. ಯಾವ ಗುಳ್ಳೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದು ಬಾಯಿಪಾಠವಿದ್ದ ಮಗಳಿಗೆ, ಒಂದು ಗಡಿಯಾರ ಮನೆಗೂ ಅಂಗಡಿಗೂ ಯಾಕೆ ಇಷ್ಟು ಓಡಾಡುತ್ತಿದೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಯಂತ್ರಣ್ಣ ತಲೆತುಂಬ ಧೂಳಿನೊಂದಿಗೆ ಎದ್ದು ಬಂದ. "ಕ್ಯಾಮೆರಾ ರೆಡಿ ಮೇಡಂ! ಅರ್ಧ ಸರಕಾದ್ರೂ ಇನ್ನೂ ಒಳಗಿರತ್ತೆ. ಬೆಳಕು ಈ ಕಡೆ ತಿರುಗಿಸ್ಲಾ?" ಅವನ ಕೈ ಆಗಲೇ ಹಿಡಿಯ ಮೇಲಿತ್ತು.

ಮಗಳು ಆ ಕೈಯನ್ನು ತಡೆದಳು.

"ಇರಲಿ ಯಂತ್ರಣ್ಣ. ಅಮ್ಮ ಇನ್ನೂ ನೋಡ್ತಿದಾಳೆ."

ಆಮೇಲೆ ಮೇಜಿನ ಮೇಲಿದ್ದ ಗಡಿಯಾರದ ಟವೆಲ್ ಬಿಚ್ಚಿದಳು. ದೊಡ್ಡ ಮುಳ್ಳೊಂದೇ ಬಗ್ಗಿತ್ತು, ಅದೂ ಅರೆಮನಸ್ಸಿನಿಂದ. ಚಿಕ್ಕ ಮುಳ್ಳನ್ನೂ ಹೆಬ್ಬೆರಳಿನಿಂದ ಚೆನ್ನಾಗಿ ಬಗ್ಗಿಸಿ, ಮೊದಲಿದ್ದಂತೆಯೇ ಸುತ್ತಿಟ್ಟಳು.